ಒಂದು ಯೂನಿಟ್‌ಗೆ 46 ಡಾಲರ್

ಹದಿನೈದು ವರ್ಷದ ಮೇಲೆ ಮತ್ತೆ ವಿದ್ಯಾರ್ಥಿನಿ ಆಗಿದ್ದೇನೆ. ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಅಕೌಂಟಿಂಗ್ ಕ್ಲಾಸಿಗೆ ಸೇರಿದೆ.

ಮೊದಲ ಬಿಲ್ ನೋಡಿ ಕೈಕಾಲು ತಣ್ಣಗಾಯಿತು. ನನ್ನನ್ನು ಹೊರಗಿನವಳು ಅಂತ ಲೆಕ್ಕ ಹಾಕಿದ್ದರು. ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ, ಅಂದರೆ ಒಂದು ಕ್ರೆಡಿಟ್‌ಗೆ, 46 ಡಾಲರ್, 2012ರಿಂದ ಇದೇ ದರ. ಮೂರು ಯೂನಿಟ್ಟಿನ ಕ್ಲಾಸಿಗೆ 138. ಹೊರಗಿನವರಿಗೆ ಇದರ ಹಲವು ಪಟ್ಟು. ನಿವಾಸಿ ಅನ್ನಿಸಿಕೊಳ್ಳಬೇಕಾದರೆ ಟರ್ಮ್ ಶುರುವಾಗುವ ಮೊದಲು ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲಿ ನೆಲೆಸಿರಬೇಕು, ಇಲ್ಲೇ ಇರುವ ಉದ್ದೇಶ ತೋರಿಸಬೇಕು. ಗಂಡ ಅಥವಾ ಹೆಂಡತಿಯ ಕೆಲಸದ ವೀಸಾ ಮೇಲೆ ಬಂದ ನನ್ನಂಥ ಎಚ್-4 ವೀಸಾದವರಿಗೂ ಈ ದಾರಿ ಇದೆ. ನನಗೆ ಗೊತ್ತೇ ಇರಲಿಲ್ಲ.

ಕೌಂಟರಿನಲ್ಲಿದ್ದ ಹೆಂಗಸು ಬಾಡಿಗೆ ಕರಾರು, ಟ್ಯಾಕ್ಸ್ ಕಾಗದ, ಡ್ರೈವಿಂಗ್ ಲೈಸೆನ್ಸ್ ಒಂದೊಂದಾಗಿ ನೋಡಿ ಸರಿ ಮಾಡಿಕೊಟ್ಟರು. ನನ್ನ ಹಿಂದೆ ನಿಂತಿದ್ದ ಹುಡುಗ ಫೀಸು ಕಟ್ಟೋಕಾಗಲ್ಲ, ಕ್ಲಾಸು ಬಿಡ್ತೀನಿ ಅಂತ ಹೇಳಲು ಬಂದಿದ್ದ. ಪ್ರಾಮಿಸ್ ಗ್ರಾಂಟ್‌ಗೆ ಅರ್ಜಿ ಹಾಕಿದ್ದೀಯಾ ಅಂತ ಅವರು ಕೇಳಿದರು. ಕಡಿಮೆ ಆದಾಯದ ನಿವಾಸಿಗಳಿಗೆ ಆ 46 ಡಾಲರ್ ಕೂಡ ಮಾಫಿ. ಅವನು ಅಲ್ಲೇ ಕುರ್ಚಿ ಎಳೆದು ಕೂತ.

ಹಾಸನದಲ್ಲಿ ಓದುವಾಗ ನನ್ನ ಫೀಸು ಅಪ್ಪನೇ ಕಟ್ಟಿ ಬರುತ್ತಿದ್ದರು. ಅವರು ಎಷ್ಟು ಕೌಂಟರುಗಳ ಮುಂದೆ ನಿಂತರೋ, ನಾನು ಒಂದು ದಿನವೂ ಕೇಳಲಿಲ್ಲ. ಈಗ ಕೇಳಬೇಕು ಅನ್ನಿಸುತ್ತಿದೆ.

ಹೊಸದಾಗಿ ಇಲ್ಲಿಗೆ ಬಂದವರು ಯಾರಾದರೂ ಇದ್ದರೆ, ಬಾಡಿಗೆ ಕಾಗದ ಮೊದಲ ದಿನದಿಂದಲೇ ಜೋಪಾನ ಮಾಡಿ. ಏನಾದರೂ ಕೇಳೋದಿದ್ದರೆ ನನಗೆ ಮೆಸೇಜ್ ಮಾಡಿ. ನಾಳೆ ಮೊದಲ ಕ್ಲಾಸು.