ಬ್ರೆಫ್ನಿಯ ಅರಸ
ಲಕ್ಕುಂಡಿಯ ಗುಡಿಗಳ ನಡುವೆ ಅಡ್ಡಾಡುವಾಗಲೆಲ್ಲ ನನಗೆ, ಹನ್ನೆರಡನೆಯ ಶತಮಾನದಲ್ಲಿ ಐರ್ಲೆಂಡಿನ ಬ್ರೆಫ್ನಿ ಎಂಬ ಸಣ್ಣ ರಾಜ್ಯವನ್ನಾಳಿದ ಟಿಯರ್ನಾನ್ ಓ ರೂರ್ಕ್ ನೆನಪಾಗುತ್ತಾನೆ. 1152ರಲ್ಲಿ ಐರ್ಲೆಂಡಿನದೇ ಇನ್ನೊಂದು ರಾಜ್ಯವಾದ ಲೆನ್‌ಸ್ಟರಿನ ರಾಜ ಡರ್ಮಟ್ ಇವನ ಹೆಂಡತಿ ಡರ್ವೊರ್ಗಿಲ್‌ಳನ್ನು ಅವಳ ದನಕರು, ಒಡವೆಗಳ ಸಮೇತ ಕರೆದೊಯ್ದನು; ಮರುವರ್ಷ ಆಕೆ ಮರಳಿದರೂ ಹಗೆ ಆರಲಿಲ್ಲ. 1166ರಲ್ಲಿ ಟಿಯರ್ನಾನ್ ಮತ್ತು ಅವನ ಮಿತ್ರರು ಓಡಿಸಿದಾಗ, ಡರ್ಮಟ್ ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿಯ ಮೊರೆಹೊಕ್ಕು, 1169ರಲ್ಲಿ ನಾರ್ಮನ್ ಯೋಧರನ್ನು ಐರ್ಲೆಂಡಿಗೆ ಕರೆಸಿಕೊಂಡನು. ಇಷ್ಟಕ್ಕೆಲ್ಲ ಒಬ್ಬ ಹೆಣ್ಣೇ ಕಾರಣವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಐರ್ಲೆಂಡಿನ ಮೀತ್ ಸೀಮೆಯ ಫಲವತ್ತಾದ ನೆಲದ ಮೇಲೆ ಇಬ್ಬರು ಅರಸರಿಗೂ ಕಣ್ಣಿತ್ತು. 1172ರಲ್ಲಿ ನಾರ್ಮನ್ ನಾಯಕ ಹ್ಯೂ ಡಿ ಲೇಸಿಯೊಡನೆ ಮಾತುಕತೆಗೆಂದು ಹೋದಲ್ಲಿ ಟಿಯರ್ನಾನ್ ಕೊಲೆಯಾದನು. ನಮ್ಮ ಗದಗ ಸೀಮೆಯಲ್ಲಿ ತುರುಗಾಳಗದಲ್ಲಿ ಮಡಿದವನಿಗೂ ವೀರಗಲ್ಲು ನಿಲ್ಲಿಸುತ್ತಿದ್ದರು. ಈ ಅರಸನ ತಲೆಯನ್ನು ಮಾತ್ರ ಡಬ್ಲಿನ್ ಕೋಟೆಯ ಬಾಗಿಲ ಮೇಲೆ ಏರಿಸಿದರು. ಡರ್ವೊರ್ಗಿಲ್ 1193ರವರೆಗೆ ಬದುಕಿ, ಮೆಲಿಫಾಂಟ್ ಮಠದಲ್ಲಿ ತೀರಿಕೊಂಡಳು.