ಎಳೆ ಕಡಿಯದ ಹಾಗೆ

ತಾಯ್ ಚಿ ನೋಡುವವರಿಗೆ ತುಂಬ ಸುಲಭ ಅನ್ನಿಸುತ್ತದೆ. ಕೈ ನಿಧಾನವಾಗಿ ಮೇಲೆ ಹೋಗುತ್ತದೆ, ನಿಧಾನವಾಗಿ ಕೆಳಗೆ ಬರುತ್ತದೆ, ಕಾಲು ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಅಷ್ಟೇ ಅಲ್ವಾ? ಕುಕ್ಕರಹಳ್ಳಿ ಕೆರೆಯ ಹತ್ತಿರ ಮರಗಳ ಕೆಳಗೆ ನಾವು ಅಭ್ಯಾಸ ಮಾಡುವಾಗ ವಾಕಿಂಗ್ ಬಂದವರು ನಿಂತು ನೋಡುತ್ತಾರೆ. "ಇದು ಯಾವ ಯೋಗ?" ಅಂತ ಕೇಳುತ್ತಾರೆ. ಮೈಸೂರಿನಲ್ಲಿ ಈ ಪ್ರಶ್ನೆ ಬರುವುದು ಸಹಜ. 1930ರ ದಶಕದಲ್ಲಿ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಊರು ಇದು. ಆಮೇಲೆ ಪಟ್ಟಾಭಿ ಜೋಯಿಸರ ಹತ್ತಿರ ಕಲಿಯಲು ಗೋಕುಲಂಗೆ ದೇಶದೇಶಗಳಿಂದ ಜನ ಬಂದರು. ಇಲ್ಲಿ ಬೆಳಿಗ್ಗೆ ಯಾರಾದರೂ ಮೈ ಬಗ್ಗಿಸಿದರೆ ಅದು ಯೋಗವೇ. ನಮ್ಮ ಮೇಷ್ಟ್ರು ಬೇಸರ ಮಾಡಿಕೊಳ್ಳುವುದಿಲ್ಲ. "ಇದು ಚೀನಾದವರದು. ಬನ್ನಿ, ನಮ್ಮ ಜೊತೆ ಒಂದಷ್ಟು ಹೊತ್ತು ಮಾಡಿ ನೋಡಿ" ಅನ್ನುತ್ತಾರೆ. ಕೆಲವರು ಬರುತ್ತಾರೆ. ಐದು ನಿಮಿಷಕ್ಕೆ ತೊಡೆ ನಡುಗಲು ಶುರುವಾಗುತ್ತದೆ.

ಮೇಷ್ಟ್ರು ಮೈಸೂರಿನವರೇ. ಕೆಲಸದ ಮೇಲೆ ಮಲೇಷ್ಯಾದ ಪೆನಾಂಗ್‌ನಲ್ಲಿ ತುಂಬ ವರ್ಷ ಇದ್ದರು. ಅಲ್ಲಿ ಮನೆ ಎದುರಿನ ಪಾರ್ಕಿನಲ್ಲಿ ಒಬ್ಬ ಚೀನೀ ಅಜ್ಜನ ಹಿಂದೆ ನಿಂತು ಕಲಿತರಂತೆ. ಅಜ್ಜನ ಭಾಷೆ ಇವರಿಗೆ ಬಾರದು, ಇವರ ಭಾಷೆ ಅಜ್ಜನಿಗೆ ಬಾರದು. ಹಾಗಾಗಿ ಇವತ್ತಿಗೂ ಇವರು ಮಾತಿಗಿಂತ ಕೈಯಲ್ಲೇ ಜಾಸ್ತಿ ಹೇಳಿಕೊಡುತ್ತಾರೆ. ಭುಜ ಮೇಲೆದ್ದರೆ ಎರಡು ಬೆರಳು ಇಟ್ಟು ಕೆಳಗೆ ಇಳಿಸುತ್ತಾರೆ. ಮೊಣಕಾಲು ಒಳಗೆ ಬಾಗಿದರೆ ಬೆರಳು ತೋರಿಸಿ ಕಾಲಿನ ಹೆಬ್ಬೆರಳಿನಾಚೆ ಹೋಗದಂತೆ, ಪಾದದ ದಿಕ್ಕಿಗೇ ಇರುವಂತೆ ಸರಿ ಮಾಡುತ್ತಾರೆ. ತಿರುಗುವುದು ಸೊಂಟದಿಂದ, ಮೊಣಕಾಲಿನಿಂದ ಅಲ್ಲ. ಇದನ್ನು ಮಾತ್ರ ಅವರು ದಿನಾ ಬಾಯಿಬಿಟ್ಟು ಹೇಳುತ್ತಾರೆ.

ನಾವು ಕಲಿಯುತ್ತಿರುವುದು ಯಾಂಗ್ ಶೈಲಿಯ ಉದ್ದನೆಯ ಸರಣಿ. ಯಾಂಗ್ ಲೂಚಾನ್ (1799–1872) ಹೆನಾನ್ ಪ್ರಾಂತ್ಯದ ಚೆನ್ ಮನೆತನದವರ ಹಳ್ಳಿಯಲ್ಲಿ ಈ ವಿದ್ಯೆ ಕಲಿತು ಬೀಜಿಂಗ್‌ಗೆ ತಂದ. ಇದು ಹುಟ್ಟಿನಿಂದ ಹೊಡೆದಾಟದ ವಿದ್ಯೆ. ಚೆನ್ ಶೈಲಿಯಲ್ಲಿ ಇವತ್ತಿಗೂ ನಿಧಾನದ ನಡುವೆ ತಟ್ಟನೆ ಬರುವ ಹೊಡೆತ ಇದೆ, ಜಿಗಿತ ಇದೆ, ಕಾಲು ಅಪ್ಪಳಿಸುವುದು ಇದೆ. ಲೂಚಾನ್‌ನ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಅದನ್ನು ಮೊದಲಿಂದ ಕೊನೆತನಕ ಒಂದೇ ವೇಗದಲ್ಲಿ, ದೊಡ್ಡ ದೊಡ್ಡ ಭಂಗಿಗಳಲ್ಲಿ ಮಾಡುವ ಹಾಗೆ ರೂಪಿಸಿದ. ಎಣಿಸುವ ಕ್ರಮದ ಮೇಲೆ ಭಂಗಿಗಳು 85 ಅನ್ನುವವರಿದ್ದಾರೆ, 103 ಅನ್ನುವವರಿದ್ದಾರೆ, 108 ಅನ್ನುವವರೂ ಇದ್ದಾರೆ. ಪೂರ್ತಿ ಮಾಡಲು ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬೇಕು. ನಮ್ಮ ಗುಂಪು ಅರ್ಧ ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ.

1956ರಲ್ಲಿ ಚೀನಾದ ಕ್ರೀಡಾ ಇಲಾಖೆಯವರು ಇದರಿಂದಲೇ 24 ಭಂಗಿಗಳ ಒಂದು ಚಿಕ್ಕ ಸರಣಿ ಮಾಡಿದರು. ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಜಗತ್ತಿನಲ್ಲಿ ಹೆಚ್ಚು ಜನ ಕಲಿಯುವುದು ಅದನ್ನೇ. ಅದೂ ಒಳ್ಳೆಯದು, ನಾನು ಬೇಡ ಅನ್ನುವುದಿಲ್ಲ. ಆದರೆ ನನಗೆ ಉದ್ದನೆಯದೇ ಇಷ್ಟ. ಅದರಲ್ಲಿ ಅದೇ ಭಂಗಿಗಳು ಮತ್ತೆ ಮತ್ತೆ ಬರುತ್ತವೆ. ಹಕ್ಕಿಯ ಬಾಲ ಹಿಡಿಯುವುದು, ಒಂಟಿ ಚಾಟಿ, ಮೋಡದ ಕೈ. ಮೊದಲ ಸಲ ಮಾಡುವಾಗ ಕಾಲಿನಲ್ಲಿ ಶಕ್ತಿ ಇರುತ್ತದೆ. ಮೂರನೆಯ ಭಾಗದಲ್ಲಿ ಅದೇ ಭಂಗಿ ಬರುವ ಹೊತ್ತಿಗೆ ತೊಡೆ ಸುಡುತ್ತಿರುತ್ತದೆ. ಆಗ ಬಲ ಹಾಕಿ ಮಾಡಲು ಆಗುವುದೇ ಇಲ್ಲ. ಬಲ ಬಿಟ್ಟು ಮಾಡುವುದು ಹೇಗೆ ಅಂತ ಮೈಯೇ ಕಂಡುಕೊಳ್ಳಬೇಕು. ಐದು ನಿಮಿಷದಲ್ಲಿ ಈ ಪಾಠ ಸಿಗುವುದಿಲ್ಲ.

ನಿಧಾನ ಯಾಕೆ ಬೇಕು ಅಂತ ನನಗೆ ಗೊತ್ತಾಗಿದ್ದು ಒಂದು ಹೆಜ್ಜೆಯಿಂದ. ಮೊಣಕಾಲು ಸವರಿ ಮುಂದೆ ಹೋಗುವ ಒಂದು ಚಲನೆ ಇದೆ. ಒಂದು ಕೈ ಮೊಣಕಾಲಿನ ಮುಂದೆ ಹಾದು ಹೋಗುತ್ತದೆ, ಇನ್ನೊಂದು ಕೈ ಕಿವಿಯ ಪಕ್ಕದಿಂದ ಮುಂದಕ್ಕೆ ತಳ್ಳುತ್ತದೆ. ಎಡಗಾಲು ಮುಂದಿದೆ ಅನ್ನಿ. ಅದರ ಮುಂಪಾದವನ್ನು ಹೊರಕ್ಕೆ ತಿರುಗಿಸಬೇಕು, ಪೂರ್ತಿ ಭಾರ ಅದರ ಮೇಲೆ ತರಬೇಕು. ಆಮೇಲೆ ಹಿಂದಿನ ಬಲಗಾಲನ್ನು ಎತ್ತಿ ಮುಂದೆ ತಂದು ಹಿಮ್ಮಡಿ ಊರಬೇಕು. ಊರುವಾಗ ಆ ಕಾಲಿನ ಮೇಲೆ ಚೂರೂ ಭಾರ ಇರಬಾರದು. "ಇಟ್ಟ ಹೆಜ್ಜೆಯನ್ನು ವಾಪಸ್ ತೆಗೆದುಕೊಳ್ಳಲು ಬರಬೇಕು" ಅನ್ನುತ್ತಾರೆ ಮೇಷ್ಟ್ರು. ನಡುವೆ ಯಾವಾಗ ಬೇಕಾದರೂ "ನಿಲ್ಲಿ" ಅನ್ನುತ್ತಾರೆ. ಆ ಕ್ಷಣ ಮುಂದಿನ ಕಾಲನ್ನು ಮತ್ತೆ ಮೇಲೆತ್ತಲು ಆದರೆ ಸರಿ. ಎತ್ತುವಾಗ ಮೈ ವಾಲಿದರೆ, ನಾವು ಹೆಜ್ಜೆ ಇಟ್ಟಿಲ್ಲ, ಬಿದ್ದಿದ್ದೇವೆ ಅಂತ ಅರ್ಥ. ದಿನಾ ನಾವು ನಡೆಯುವುದೆಲ್ಲ ಹೀಗೇ. ಮುಂದಕ್ಕೆ ಬೀಳುತ್ತೇವೆ, ಕಾಲು ಬಂದು ಹಿಡಿಯುತ್ತದೆ. ಬೇಗ ಮಾಡಿದರೆ ಇದು ಯಾರಿಗೂ ಕಾಣಿಸುವುದಿಲ್ಲ, ಮಾಡುವವರಿಗೂ ಕಾಣಿಸುವುದಿಲ್ಲ. ನಿಧಾನ ಮಾಡಿದ ಕೂಡಲೇ ಎಲ್ಲ ಬಯಲಾಗುತ್ತದೆ.

ನಮ್ಮ ಗುಂಪಿನಲ್ಲಿ ನಿವೃತ್ತ ಹೆಡ್‌ಮಾಸ್ಟರ್ ಒಬ್ಬರಿದ್ದಾರೆ. ಅವರಿಗೆ ಪಾರ್ಕಿನ್ಸನ್ ಕಾಯಿಲೆ. ಬಲಗೈ ಸದಾ ನಡುಗುತ್ತದೆ. ಮಗಳು ದಿನಾ ಬೈಕಿನಲ್ಲಿ ಕರೆತಂದು ಬಿಡುತ್ತಾಳೆ. ಅವರು ತಾಯ್ ಚಿಗೆ ಬಂದದ್ದು ಒಂದು ಅಧ್ಯಯನದ ಬಗ್ಗೆ ಮಗಳು ಓದಿ ಹೇಳಿದ ಮೇಲೆ. ಅಮೆರಿಕದ ಆರಿಗನ್‌ನಲ್ಲಿ 195 ಜನ ಪಾರ್ಕಿನ್ಸನ್ ರೋಗಿಗಳನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ತಾಯ್ ಚಿ, ಒಂದಕ್ಕೆ ಭಾರದ ವ್ಯಾಯಾಮ, ಒಂದಕ್ಕೆ ಬರೀ ಮೈ ಎಳೆಯುವ ವ್ಯಾಯಾಮ. ವಾರಕ್ಕೆ ಎರಡು ಸಲ, 24 ವಾರ. ಮೈಯ ಸಮತೋಲನದಲ್ಲಿ ತಾಯ್ ಚಿ ಗುಂಪು ಉಳಿದೆರಡಕ್ಕಿಂತ ಮುಂದಿತ್ತು. ಬೀಳುವುದೂ ಮೈ ಎಳೆಯುವ ಗುಂಪಿಗಿಂತ ಕಡಿಮೆಯಾಗಿತ್ತು. 2012ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕಾಯಿಲೆ ವಾಸಿಯಾಗುತ್ತದೆ ಅಂತ ಅದರಲ್ಲಿ ಎಲ್ಲೂ ಇಲ್ಲ. ಆದರೆ ಆ ಖಾಲಿ ಹೆಜ್ಜೆಯನ್ನು ದಿನಾ ಮಾಡುವ ನನಗೆ ಅದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ದಾಟಿಸುವುದನ್ನೇ ನಾವು ಅರ್ಧ ಗಂಟೆ ಮಾಡುತ್ತೇವೆ.

ಇನ್ನು ಹೇಳಬೇಕಾದ್ದು ನಮ್ಮ ದೊಡ್ಡಮ್ಮ ಬಂದ ದಿನದ ಬಗ್ಗೆ.

ತಾಯ್ ಚಿಯ ಹಳೆಯ ಬರಹಗಳಲ್ಲಿ ಒಂದು ಮಾತಿದೆ. ಹೆಜ್ಜೆ ಬೆಕ್ಕು ನಡೆದ ಹಾಗಿರಲಿ, ಬಲ ರೇಷ್ಮೆ ಎಳೆ ತೆಗೆದ ಹಾಗಿರಲಿ ಅಂತ. ಯಾಂಗ್ ಚೆಂಗ್‌ಫು ಹೇಳಿದ ಹತ್ತು ಮುಖ್ಯ ಸೂತ್ರಗಳಲ್ಲೂ ರೇಷ್ಮೆಯ ಮಾತು ಬರುತ್ತದೆ, ಎಲ್ಲೂ ಕಡಿಯದೆ ಒಂದೇ ಸಮನೆ ಮಾಡಬೇಕು ಅನ್ನುವ ಸೂತ್ರದಲ್ಲಿ. ಮೇಷ್ಟ್ರು ಇದನ್ನು ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಕೊಳ್ಳೇಗಾಲದ ದೊಡ್ಡಮ್ಮನ ಮನೆ. ಅವರ ಮನೆಯಲ್ಲಿ ಚರಕದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದರೆ ಚಕ್ರ ತಿರುಗಿಸುವ ಕೆಲಸ ನನ್ನದು. ಕುದಿಯುವ ನೀರಿನ ಮುಂದೆ ದೊಡ್ಡಮ್ಮ ಕೂರುತ್ತಿದ್ದರು. ಬೆಂದ ಗೂಡಿನ ವಾಸನೆ ಹಿತ್ತಲ ತನಕ ಬರುತ್ತಿತ್ತು. ಬಿಸಿನೀರಿನಲ್ಲಿ ಬೆರಳ ತುದಿ ಬೆಳ್ಳಗಾಗಿ, ಸುಕ್ಕುಗಟ್ಟಿ, ಬಿರುಕು ಬಿಟ್ಟಿರುತ್ತಿತ್ತು. ಹಲವು ಗೂಡುಗಳ ಎಳೆ ಸೇರಿಸಿ ಒಂದು ನೂಲು. ಒಂದೊಂದು ಎಳೆಯೂ ಕಣ್ಣಿಗೆ ಕಾಣದಷ್ಟು ಸಣ್ಣ. ಒಂದು ಗೂಡು ಖಾಲಿಯಾದ ಕೂಡಲೇ, ನೂಲು ತೆಳುವಾಗುವ ಮೊದಲೇ, ಇನ್ನೊಂದು ಗೂಡಿನ ತುದಿ ಹಿಡಿದು ಅದಕ್ಕೆ ಹಾಕಬೇಕು. ಚಕ್ರ ನಿಲ್ಲುವಂತಿಲ್ಲ. ದಡಕ್ಕನೆ ತಿರುಗಿಸಿದರೆ ನೂಲು ಕಡಿಯುತ್ತದೆ. "ಒಂದೇ ಸಮ್ನೆ ತಿರುಗ್ಸವ್ವ" ಅನ್ನುವುದು ಅವರ ಬಾಯಲ್ಲಿ ಇಡೀ ದಿನ ಇರುತ್ತಿದ್ದ ಮಾತು.

ಚರಕ ನಿಂತು ತುಂಬ ವರ್ಷವಾಯಿತು. ದೊಡ್ಡಮ್ಮನಿಗೂ ವಯಸ್ಸಾಯಿತು. ಈಚೆಗೆ ಕಣ್ಣು ತೋರಿಸಲು ಮೈಸೂರಿಗೆ ಬಂದವರು ನಮ್ಮ ಮನೆಯಲ್ಲಿ ಉಳಿದಿದ್ದರು. ಬೆಳಿಗ್ಗೆ ನಾನು ಹೊರಟಾಗ "ನಾನೂ ಬತ್ತೀನಿ, ಒಬ್ಳೇ ಏನ್ ಮಾಡ್ಲಿ" ಅಂದರು. ಸ್ವೆಟರ್ ಹಾಕಿಸಿ, ತಲೆಗೆ ಶಾಲು ಸುತ್ತಿ ಕರೆದುಕೊಂಡು ಹೋದೆ. ಕಲ್ಲುಬೆಂಚಿನ ಮೇಲೆ ಕೂತರು. ನೀರಿನ ಕಡೆ ಹೆಜ್ಜಾರ್ಲೆಗಳಿದ್ದವು. ಅವನ್ನು ನೋಡುತ್ತಾ ಕೂರುತ್ತಾರೆ ಅಂದುಕೊಂಡಿದ್ದೆ. ಅವರು ನಮ್ಮನ್ನೇ ನೋಡಿದರು. ಅರ್ಧ ಗಂಟೆ, ಬಿಡದೆ.

ಮುಗಿಸಿ ಹತ್ತಿರ ಹೋದ ಕೂಡಲೇ ಅವರು ಕೇಳಿದ್ದು, "ಅಲ್ಲವ್ವ, ಆ ಎಡಗಾಲ್ ತಿರುಗ್ಸೋವಾಗ ಯಾಕ್ ಎಳೆ ಕಡೀತೀಯ?"

ರೇಷ್ಮೆಯ ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ. ಮೇಷ್ಟ್ರೂ ಆವತ್ತು ಅದನ್ನು ಎತ್ತಿರಲಿಲ್ಲ. ನನಗೆ ಮೈ ಜುಂ ಅಂದಿತು. ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತಿದ್ದವರು ಟವೆಲ್ ಕೆಳಗಿಟ್ಟು ಬಂದರು. "ಏನಂದ್ರಿ ತಾಯಿ? ಇನ್ನೊಂದ್ಸಲ ಹೇಳಿ" ಅಂದರು. ದೊಡ್ಡಮ್ಮ ಸಂಕೋಚ ಪಡಲಿಲ್ಲ. "ಕಾಲ್ ತಿರುಗೋವಾಗ ಕೈ ನಿಂತ್ಕತ್ತದೆ. ಆಮೇಲೆ ಬೇಗ್ ಬೇಗ ಓಡ್ತದೆ. ಚಕ್ರ ನಿಲ್ಲಿಸ್ಬಾರ್ದು, ನಿಲ್ಲಿಸಿ ಎಳೀಲೂಬಾರ್ದು" ಅಂದರು.

ಮೇಷ್ಟ್ರು ನನ್ನನ್ನು ಅದೇ ಹೆಜ್ಜೆ ಮಾಡಲು ಹೇಳಿದರು. ಆಗ ನನಗೂ ಗೊತ್ತಾಯಿತು. ಮುಂಪಾದ ತಿರುಗುವಾಗ ನನ್ನ ಗಮನವೆಲ್ಲ ಕಾಲಿಗೆ ಹೋಗುತ್ತಿತ್ತು. ಕೈ ಅಲ್ಲೇ ಗಾಳಿಯಲ್ಲಿ ಕಾಯುತ್ತಿತ್ತು. ತಳ್ಳುವ ಕೈ ತನ್ನ ಕೊನೆ ಮುಟ್ಟುವ ಮೊದಲೇ ಸೊಂಟ ಮುಂದಿನ ತಿರುವಿಗೆ ಹೊರಡಬೇಕು, ಕೈ ಅದರ ಹಿಂದೆಯೇ ಬರಬೇಕು. ಒಂದು ಗೂಡು ಮುಗಿದು ನೂಲು ತೆಳುವಾಗುವ ಮೊದಲೇ ಇನ್ನೊಂದರ ತುದಿ ಹಾಕುವುದು ಇದೇ. ಇಷ್ಟು ಕಾಲ ನಾನು ಎಳೆ ಕಡಿಯಬಾರದು ಅಂದರೆ ನಿಧಾನ ಮಾಡಬೇಕು ಅಂತ ಮಾತ್ರ ತಿಳಿದಿದ್ದೆ. ನಿಧಾನ ಮಾಡಿಯೂ ಕಡಿಯಬಹುದು. ಬರೀ ನಿಧಾನ ಸಾಲದು, ಹರಿವು ಒಂದೇ ಸಮ ಇರಬೇಕು.

ಮೇಷ್ಟ್ರಿಗೆ ಆವತ್ತು ಆದ ಖುಷಿ ನೋಡಬೇಕಿತ್ತು. ಒಬ್ಬೊಬ್ಬರನ್ನೇ ಮುಂದೆ ನಿಲ್ಲಿಸಿ ಮಾಡಿಸಿದರು. ದೊಡ್ಡಮ್ಮ ಒಬ್ಬೊಬ್ಬರದೂ ಹೇಳಿದರು. ಬ್ಯಾಂಕಿನ ಹುಡುಗನದು ಹಿಂದೆ ಸರಿಯುವಾಗ ಕಡಿಯುತ್ತದೆ. ಸರಸ್ವತಿಪುರಂನಿಂದ ಬರುವ ಅಕ್ಕನದು ಪ್ರತಿ ಭಂಗಿಯ ಕೊನೆಗೆ. ಆ ಅಕ್ಕನದು ನೋಡಲು ತುಂಬ ಚೆನ್ನ, ಪ್ರತಿ ಭಂಗಿಯನ್ನೂ ಫೋಟೋಗೆ ನಿಂತಷ್ಟು ಅಚ್ಚುಕಟ್ಟಾಗಿ ಮುಗಿಸುತ್ತಾರೆ. ಮುಗಿಸುವುದೇ ತೊಂದರೆ. ವರ್ಷಗಟ್ಟಲೆ ಯೋಗ ಮಾಡಿದವರು ಅವರು. ಆಸನದಲ್ಲಿ ನೆಲೆ ನಿಲ್ಲುವುದು ಅವರ ಮೈಗೆ ಹತ್ತಿದೆ. ತಾಯ್ ಚಿಯಲ್ಲಿ ನಿಲ್ಲಲು ಜಾಗವೇ ಇಲ್ಲ.

ಕೊನೆಗೆ ಹೆಡ್‌ಮಾಸ್ಟರು ಬಂದರು. ಅವರು ಬೇಡ ಅಂತಿದ್ದರು. ಮೇಷ್ಟ್ರು ಬಿಡಲಿಲ್ಲ. ಅವರು ಮೋಡದ ಕೈ ಮಾಡಿದರು. ಪಕ್ಕಕ್ಕೆ ಸರಿಯುತ್ತಾ, ಒಂದು ಕೈ ಮುಖದ ಮುಂದೆ, ಒಂದು ಕೈ ಹೊಟ್ಟೆಯ ಮುಂದೆ, ಸೊಂಟ ಎರಡೂ ಕಡೆ ತಿರುಗುತ್ತಾ. ಬಲಗೈ ನಡುಗುತ್ತಲೇ ಇತ್ತು. ದೊಡ್ಡಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಇವ್ರ್ದು ಕಡಿಯಾಕಿಲ್ಲ. ಕೈ ನಡುಗ್ತದೆ, ನೂಲು ಚೆನ್ನಾಗದೆ" ಅಂದರು.

ಹೆಡ್‌ಮಾಸ್ಟರು ಕೈಮುಗಿದರು. ಅವರ ಮಗಳು ಬೈಕ್ ನಿಲ್ಲಿಸಿ ಬಂದವಳು ಆ ಕಡೆ ಮುಖ ತಿರುಗಿಸಿಕೊಂಡಳು.

ದೊಡ್ಡಮ್ಮ ಊರಿಗೆ ಹೋದ ಮೇಲೆ ನಾನು ಮನೆಯ ಹಾಲಿನಲ್ಲಿ ಆ ಒಂದು ತಿರುವನ್ನೇ ಮಾಡುತ್ತಿದ್ದೇನೆ, ಎಡಕ್ಕೆ ಒಂದಷ್ಟು, ಬಲಕ್ಕೆ ಒಂದಷ್ಟು. ಈಗ ಕೈ ನಿಲ್ಲುವುದು ಕಡಿಮೆಯಾಗಿದೆ. ಅದು ಸರಿಹೋದ ಮೇಲೆ ಒಂಟಿ ಚಾಟಿಯಲ್ಲಿ ಇನ್ನೊಂದು ಕಡೆ ಕಡಿಯುವುದು ಗೊತ್ತಾಗುತ್ತಿದೆ, ಬಲಗೈಯ ಬೆರಳುಗಳನ್ನು ಒಟ್ಟು ಮಾಡಿ ಕೊಕ್ಕಿನ ಹಾಗೆ ಹಿಡಿಯುವ ಜಾಗದಲ್ಲಿ. ಮೇಷ್ಟ್ರು ಮೂರನೆಯ ಭಾಗದ ಹಾವು ತೆವಳುವ ಭಂಗಿ ಶುರುಮಾಡಿದ್ದಾರೆ. ಒಂದು ಕಾಲಿನ ಮೇಲೆ ಪೂರ್ತಿ ಕೆಳಗೆ ಕೂತು, ಇನ್ನೊಂದು ಕಾಲು ಉದ್ದಕ್ಕೆ ಚಾಚಿ, ಅಲ್ಲಿಂದ ನಿಲ್ಲದೆ ಎದ್ದು ಒಂಟಿಕಾಲಿನ ಹುಂಜಕ್ಕೆ ಹೋಗಬೇಕು. ಏಳುವಾಗ ಎಲ್ಲರದೂ ಕಡಿಯುತ್ತದೆ. ಹೆಡ್‌ಮಾಸ್ಟರು ಪೂರ್ತಿ ಕೂರುವುದಿಲ್ಲ, ಮೊಣಕಾಲು ಬಗ್ಗುವಷ್ಟೇ ಇಳಿದು ಏಳುತ್ತಾರೆ. ನಾನು ಈಗ ಅವರ ಹಿಂದಿನ ಸಾಲಿನಲ್ಲಿ ನಿಲ್ಲುತ್ತೇನೆ.