ಮೂರು ಸಾವಿರ ಜಿಇವಿಯಲ್ಲಿ ಕಂಡ ಉಬ್ಬನ್ನು ನಂಬುವ ಮೊದಲು

ಹೊಸ ಭಾರವಾದ ಕಣದ ಸುಳಿವು ಸಿಕ್ಕಿದೆ ಎಂದಾಗ ಎಲ್ಲರೂ ಗ್ರಾಫಿನ ಉಬ್ಬು ಎಷ್ಟು ಎತ್ತರವಿದೆ ಎಂದು ನೋಡುತ್ತಾರೆ. ನಾನು ಮೊದಲು ಕೇಳುವುದು ಬೇರೆ: ಅಷ್ಟು ಎತ್ತರದ ಶಕ್ತಿಯಲ್ಲಿ ಡಿಟೆಕ್ಟರ್ ಸರಿಯಾಗಿ ಅಳೆಯುತ್ತಿದೆ ಎನ್ನುವುದಕ್ಕೆ ಏನು ಆಧಾರ?

ಝಡ್ ಪ್ರೈಮ್ ಹುಡುಕಾಟವನ್ನೇ ತೆಗೆದುಕೊಳ್ಳಿ. ಅದು ಝಡ್ ಬೋಸಾನ್‌ನ ಭಾರವಾದ ಸೋದರನೆಂದು ಊಹಿಸಿದ ಕಣ. ಸರ್ನ್ ಪ್ರಯೋಗಾಲಯದ ಕಣ ವೇಗವರ್ಧಕವಾದ ಎಲ್‌ಎಚ್‌ಸಿಯಲ್ಲಿ 25 ನ್ಯಾನೋಸೆಕೆಂಡಿಗೊಮ್ಮೆ ಪ್ರೋಟಾನ್ ಗೊಂಚಲುಗಳು ಎದುರುಬದುರಾಗುತ್ತವೆ. ಅವುಗಳಿಂದ ಹೊರಬಂದ ಎರಡು ಒಳ್ಳೆಯ ಮ್ಯೂಆನ್‌ಗಳನ್ನೋ (ಎಲೆಕ್ಟ್ರಾನ್‌ನ ಭಾರವಾದ ಬಂಧು) ಎಲೆಕ್ಟ್ರಾನ್‌ಗಳನ್ನೋ ಆರಿಸಿ, ಶಕ್ತಿ ಮತ್ತು ನಡುವಿನ ಕೋನದಿಂದ ಜೋಡಿಯ ಇನ್ವೇರಿಯಂಟ್ ಮಾಸ್ (ಒಂದೇ ಕಣ ಒಡೆದು ಅವು ಬಂದಿದ್ದರೆ ಆ ಕಣದ ದ್ರವ್ಯರಾಶಿ) ಲೆಕ್ಕ ಹಾಕಿ ಹಿಸ್ಟೋಗ್ರಾಂನಲ್ಲಿ ತುಂಬುತ್ತಾರೆ. ತಲಾ 1500 ಜಿಇವಿಯ (ಕಣಗಳ ಶಕ್ತಿ ಮತ್ತು ದ್ರವ್ಯರಾಶಿಯ ಮಾನ) ಎರಡು ಮ್ಯೂಆನ್‌ಗಳು ನೇರ ವಿರುದ್ಧ ದಿಕ್ಕಿಗೆ ಹಾರಿದರೆ 3000 ಜಿಇವಿ ಬರುತ್ತದೆ. ಯಾವ ಘಟನೆಯನ್ನು ದಾಖಲಿಸಬೇಕೆಂದು ಆರಿಸುವ ಟ್ರಿಗರ್ ಇಲ್ಲಿ ದೊಡ್ಡ ಚಿಂತೆಯಲ್ಲ, ಇಷ್ಟು ಶಕ್ತಿಯ ಲೆಪ್ಟಾನ್‌ಗಳು (ಇಲ್ಲಿ ಎಲೆಕ್ಟ್ರಾನ್, ಮ್ಯೂಆನ್) ಅದನ್ನು ಸುಲಭವಾಗಿ ದಾಟುತ್ತವೆ.

ತೊಂದರೆ ಇರುವುದು ಅಳತೆಯಲ್ಲಿ. ಈ ಗ್ರಾಫಿನಲ್ಲಿ ತಾಳೆ ನೋಡಲು ಸಿಗುವ ದೊಡ್ಡ ಶಿಖರ ಝಡ್ ಬೋಸಾನ್‌ನದು, 91.2 ಜಿಇವಿಯಲ್ಲಿ. ಅದರಾಚೆ ಇನ್ನೊಂದಿಲ್ಲ. ನಾವು ಹುಡುಕುವುದು ಮೂವತ್ತು ಪಟ್ಟು ಮೇಲೆ.

ಮ್ಯೂಆನ್‌ನ ಆವೇಗವನ್ನು ಅಳೆಯುವುದು ಕಾಂತಕ್ಷೇತ್ರದಲ್ಲಿ ಅದರ ದಾರಿ ಎಷ್ಟು ಬಾಗಿತು ಎಂಬುದರಿಂದ. ಎಲ್‌ಎಚ್‌ಸಿಯ ಡಿಟೆಕ್ಟರ್‌ಗಳಲ್ಲೊಂದಾದ ಸಿಎಂಎಸ್‌ನಲ್ಲಿ ಕ್ಷೇತ್ರ 3.8 ಟೆಸ್ಲಾ, ಕಣದ ದಾರಿ ಗುರುತಿಸುವ ಟ್ರ್ಯಾಕರ್‌ನ ತ್ರಿಜ್ಯ ಸುಮಾರು 1.1 ಮೀಟರ್. ಅಷ್ಟು ಉದ್ದದಲ್ಲಿ 1500 ಜಿಇವಿಯ ಮ್ಯೂಆನ್ ನೇರ ಗೆರೆಯಿಂದ ಬಾಗುವುದು ಸುಮಾರು 0.11 ಮಿಲಿಮೀಟರ್, ಒಂದು ಹಾಳೆ ಕಾಗದದ ದಪ್ಪ. ಸಿಲಿಕಾನ್ ಪದರಗಳ ಜೋಡಣೆಯಿಂದ ಈ ಬಾಗಿನಲ್ಲಿ 20 ಮೈಕ್ರೋಮೀಟರ್ ತಪ್ಪು ನುಸುಳಿದರೆ ಆವೇಗ ಶೇ. 17ರಷ್ಟು ಕೆಡುತ್ತದೆ. ಹೊರಗಿನ ಮ್ಯೂಆನ್ ಚೇಂಬರ್‌ಗಳ ಅಳತೆ ಸೇರಿಸಿದಾಗ ಪರಿಸ್ಥಿತಿ ಸುಧಾರಿಸುತ್ತದೆ, ಆದರೆ ಅವುಗಳ ಜೋಡಣೆಯೂ ಸರಿಯಿರಬೇಕು.

ಈ ದೋಷಕ್ಕೆ ಒಂದು ಗುರುತಿದೆ. ಅದು ಧನ ಮತ್ತು ಋಣ ಮ್ಯೂಆನ್‌ಗಳನ್ನು ವಿರುದ್ಧ ದಿಕ್ಕಿಗೆ ತಳ್ಳುತ್ತದೆ: ಒಂದರ ಆವೇಗ ಏರುತ್ತದೆ, ಇನ್ನೊಂದರದು ಇಳಿಯುತ್ತದೆ. ಹಾಗಾಗಿ ಝಡ್ ಶಿಖರವನ್ನು ವಿದ್ಯುದಂಶ ಮತ್ತು ಕೋನದ ಪ್ರಕಾರ ಬಿಡಿಸಿ ನೋಡಬೇಕು. ಇನ್ನೂ ಒಳ್ಳೆಯದು ಕಾಸ್ಮಿಕ್ ಮ್ಯೂಆನ್. ಮೇಲಿನಿಂದ ಬಂದು ಡಿಟೆಕ್ಟರನ್ನು ಪೂರ್ತಿ ಸೀಳಿ ಹೋಗುವ ಒಂದೇ ಮ್ಯೂಆನನ್ನು ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧ ಬೇರೆಬೇರೆಯಾಗಿ ಅಳೆಯುತ್ತವೆ. ಎರಡು ಉತ್ತರಗಳ ಅಂತರವೇ ನಿಜವಾದ ನಿಖರತೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಪರೀಕ್ಷೆ ಇದು.

ಎಲೆಕ್ಟ್ರಾನ್ ಕಥೆ ತದ್ವಿರುದ್ಧ. ಅದರ ಶಕ್ತಿಯನ್ನು ಕ್ಯಾಲೋರಿಮೀಟರ್ ಅಳೆಯುತ್ತದೆ, ಶಕ್ತಿ ಹೆಚ್ಚಿದಂತೆ ಶೇಕಡಾವಾರು ನಿಖರತೆಯೂ ಹೆಚ್ಚುತ್ತದೆ. ಆದ್ದರಿಂದ ಎರಡು ಲೆಪ್ಟಾನ್‌ಗಳಿಗೂ ಸಮನಾಗಿ ಒಡೆಯುವ ಕಿರಿದಾದ ಕಣವಾದರೆ ಎಲೆಕ್ಟ್ರಾನ್ ಗ್ರಾಫಿನಲ್ಲಿ ಚೂಪಾಗಿ, ಮ್ಯೂಆನ್ ಗ್ರಾಫಿನಲ್ಲಿ ಅಗಲವಾಗಿ ಕಾಣಬೇಕು. ಮ್ಯೂಆನ್‌ನಲ್ಲೇ ಚೂಪಾದ ಉಬ್ಬು ಕಂಡರೆ ಅನುಮಾನಪಡಿ.

ಹಿನ್ನೆಲೆಯಲ್ಲಿ, ಅಂದರೆ ಹೊಸ ಕಣವಿಲ್ಲದೆಯೂ ಬರುವ ಘಟನೆಗಳಲ್ಲಿ, ಹೆಚ್ಚಿನದು ಡ್ರೆಲ್-ಯಾನ್ ಜೋಡಿಗಳು: ಕ್ವಾರ್ಕ್ ಮತ್ತು ಪ್ರತಿಕ್ವಾರ್ಕ್ ಸೇರಿ ಹುಟ್ಟುವ ಸಾಮಾನ್ಯ ಲೆಪ್ಟಾನ್ ಜೋಡಿಗಳು. ಅದರ ಗೆರೆ ಕಡಿದಾಗಿ ಇಳಿಯುವುದರಿಂದ, ಕೆಳಗಿನ ಅಪಾರ ಘಟನೆಗಳಲ್ಲಿ ಕೆಲವನ್ನು ತಪ್ಪಾಗಿ ಅಳೆದರೂ ಸಾಕು, ಖಾಲಿ ಇರಬೇಕಾದ ಬಿನ್‌ಗಳು ತುಂಬುತ್ತವೆ. ಗೆರೆಗೆ ಹೊಂದಿಸುವ ಸೂತ್ರವೂ ಮೋಸ ಮಾಡಬಲ್ಲದು: ತೀರಾ ಬಿಗಿಯಾದರೆ ಇಲ್ಲದ ಉಬ್ಬನ್ನು ಹುಟ್ಟಿಸುತ್ತದೆ, ತೀರಾ ಸಡಿಲವಾದರೆ ಇರುವ ಉಬ್ಬನ್ನು ನುಂಗುತ್ತದೆ. ಹಿನ್ನೆಲೆ ಮಾತ್ರವಿರುವ ಸಿಮ್ಯುಲೇಶನ್‌ಗೆ ಸಿಗ್ನಲ್ ಹೊಂದಿಸಿ ನೋಡಿ, ಆಮೇಲೆ ಕೃತಕ ಸಿಗ್ನಲ್ ಬೆರೆಸಿ ಅದು ಪೂರ್ತಿ ವಾಪಸ್ ಬರುತ್ತದೆಯೇ ನೋಡಿ. ಡೇಟಾದ ಸಿಗ್ನಲ್ ಭಾಗವನ್ನು ತೆರೆಯುವ ಮುನ್ನವೇ ಇದು ಮುಗಿದಿರಬೇಕು.

ಇಷ್ಟೆಲ್ಲ ಸರಿಯಿದ್ದರೂ ಅಂಕಿಸಂಖ್ಯೆಯ ಏರಿಳಿತ ಬಿಡುವುದಿಲ್ಲ. 2015ರ ಡಿಸೆಂಬರ್‌ನಲ್ಲಿ ಎಲ್‌ಎಚ್‌ಸಿಯ ಇನ್ನೊಂದು ಡಿಟೆಕ್ಟರ್ ಅಟ್ಲಾಸ್ ಮತ್ತು ಸಿಎಂಎಸ್ ಎರಡೂ ಫೋಟಾನ್ ಜೋಡಿಗಳಲ್ಲಿ 750 ಜಿಇವಿ ಹತ್ತಿರ ಉಬ್ಬು ತೋರಿಸಿದವು. ಅಟ್ಲಾಸ್‌ನದು ಆ ಜಾಗದಲ್ಲಿ ಮೂರು ಸಿಗ್ಮಾ (ಆಕಸ್ಮಿಕ ಏರಿಳಿತದ ಅಳತೆ) ಮೀರಿತ್ತು, ಹುಡುಕಿದ ಇಡೀ ವ್ಯಾಪ್ತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಸುಮಾರು ಎರಡಕ್ಕೆ ಇಳಿಯಿತು. 2016ರ ಆಗಸ್ಟ್ ವೇಳೆಗೆ ನಾಲ್ಕು ಪಟ್ಟು ಮೀರಿದ ಡೇಟಾ ಸೇರಿದಾಗ ಅದು ಉಳಿಯಲಿಲ್ಲ. ಯಾರ ಉಪಕರಣವೂ ಕೆಟ್ಟಿರಲಿಲ್ಲ.

ಝಡ್ ಪ್ರೈಮ್‌ನಲ್ಲಿ ಈವರೆಗೆ ಸಿಕ್ಕಿರುವುದು ಮಿತಿಗಳು ಮಾತ್ರ: ಸಾಮಾನ್ಯ ಝಡ್‌ನಂತೆಯೇ ವರ್ತಿಸುವ ಮಾದರಿಗೆ ಸುಮಾರು 5 ಟಿಇವಿಯವರೆಗೆ (5000 ಜಿಇವಿ) ಜಾಗವಿಲ್ಲ. ಆದರೆ ಆ ಅಂಕಿ ಆ ಮಾದರಿಗಷ್ಟೇ ಸಲ್ಲುತ್ತದೆ. ಕ್ವಾರ್ಕ್‌ಗಳೊಂದಿಗೆ ಇನ್ನೂ ದುರ್ಬಲವಾಗಿ ಬೆರೆಯುವ ಕಣ 2 ಟಿಇವಿಯಲ್ಲೇ ಉಳಿದುಕೊಂಡಿರಬಹುದು. ಆದ್ದರಿಂದ ಪ್ರಬಂಧ ಓದುವಾಗ ಸಾರಾಂಶದ ಮಿತಿಗಿಂತ, ಬೇರೆಬೇರೆ ಅಗಲಗಳಿಗೆ ಕೊಟ್ಟ ಕ್ರಾಸ್ ಸೆಕ್ಷನ್ (ಕಣ ಹುಟ್ಟುವ ಸಾಧ್ಯತೆಯ ಅಳತೆ) ಗೆರೆಗಳನ್ನು ನೋಡಿ, ನಿಮ್ಮ ಮಾದರಿಯನ್ನು ಅದಕ್ಕೆ ಹೋಲಿಸಿ.